ಹತ್ತಿರದ ಕೂಸು, ದೂರದ ಕೂಸು



ಫಾತೋರ್ಡಾ ಎಂಬ ಹೆಸರು ನಮ್ಮ ಗಡಿನಾಡಿನ ಓದುಗರಿಗೆ ಹೊಸದಲ್ಲ. ಗೋವೆಯ ಮಡಗಾಂವ ಪಟ್ಟಣದ ಈ ಭಾಗಕ್ಕೆ ಬೆಳಗಾವಿ ಸೀಮೆಯ ಕಾಯಿಪಲ್ಲೆಯ ಗಾಡಿಗಳು ಘಟ್ಟ ಇಳಿದು ಹೋಗುತ್ತವೆ. ಅಲ್ಲಿಯ ಸಗಟು ಪೇಟೆಯಲ್ಲಿ, ಕಟ್ಟಡದ ಕೆಲಸಗಳಲ್ಲಿ, ಸಣ್ಣಪುಟ್ಟ ಅಂಗಡಿಗಳಲ್ಲಿ ನಮ್ಮ ಕಡೆಯ ಮಂದಿ ಬಹುಕಾಲದಿಂದ ದುಡಿದು ಬಾಳುತ್ತಿದ್ದಾರೆ. ಅಲ್ಲಿಯ ಭಕ್ತರು ಕೂಡಿದ್ದ ಒಂದು ಸಂದರ್ಭದಲ್ಲಿ ಹಿರಿಯ ವ್ಯಾಪಾರಸ್ಥರೊಬ್ಬರು ನಮ್ಮೆದುರು ಒಂದು ಪ್ರಶ್ನೆ ಇಟ್ಟರು. ಅವರ ತಮ್ಮನ ಮಗಳು ಮಕ್ಕಳ ವೈದ್ಯೆ. ದೊಡ್ಡ ದವಾಖಾನೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ, ಜೀವ ಹೋಗುವ ಸ್ಥಿತಿಯಲ್ಲಿ ಬರುವ ಮಕ್ಕಳನ್ನು ನೋಡುವುದು ಆಕೆಯ ಕೆಲಸ. ಆ ಮಗಳು ಈಗ ವಾರ್ಡಿನ ಕೆಲಸ ಕಡಿಮೆ ಮಾಡಿ, ಹಳ್ಳಿಯ ದವಾಖಾನೆಗಳ ನರ್ಸುಗಳಿಗೂ ಆಫ್ರಿಕಾದ ಬಡ ದೇಶಗಳ ಆರೋಗ್ಯ ಸಿಬ್ಬಂದಿಗೂ ತನ್ನ ವಿದ್ಯೆಯನ್ನು ಕಲಿಸುವ ಕಾರ್ಯಕ್ಕೆ ಹೋಗಬೇಕೆಂದಿದ್ದಾಳೆ. ಮನೆಯವರಿಗೆ ಮನಸ್ಸಿಲ್ಲ. ಹಿರಿಯರು ಕೇಳಿದ್ದಿಷ್ಟೇ:

“ನೋಡ್ರಿ, ಕಣ್ಣಮುಂದ ಕೂಸು ಉಸಿರು ಕಟ್ಟಿ ಒದ್ದಾಡೂ ಹೊತ್ತಿನಾಗ ಅದನ್ನ ಉಳಸೂ ಕೈ ಐತಿ ಅಕೀದು. ಆ ಕೂಸು ಬಿಟ್ಟು, ಕಂಡರಿಯದ ದೇಶದಾಗ ಪಾಠಾ ಹೇಳಾಕ ಹೋದ್ರ ಅದು ಧರ್ಮ ಆಗತೈತೇನ್ರಿ?”

ಇದನ್ನು ಒಂದು ಮನೆಯ ಮಾತೆಂದು ಬದಿಗಿಡಲಾಗದು. ಒಕ್ಕಲುತನದ ಮನೆಗಳಿಂದ, ಅಡತಿ ಅಂಗಡಿಗಳ ಮನೆಗಳಿಂದ ಬಂದ ಮಕ್ಕಳು ಇಂದು ದೊಡ್ಡ ಸಂಖ್ಯೆಯಲ್ಲಿ ವೈದ್ಯರಾಗುತ್ತಿದ್ದಾರೆ. ವೈದ್ಯರೆಂದರೆ ರೋಗಿಯ ಮಗ್ಗುಲಲ್ಲಿ ನಿಂತು ನಾಡಿ ಹಿಡಿಯುವವರು ಎಂಬುದೇ ನಮ್ಮೆಲ್ಲರ ಎಣಿಕೆ. ರೋಗಿಯನ್ನು ಬಿಟ್ಟು ಕಲಿಸಲು ಹೊರಟ ವೈದ್ಯರನ್ನು ಕಂಡರೆ, ಹೊಲ ಬಿಟ್ಟು ಬೇಸಾಯದ ಭಾಷಣ ಮಾಡಲು ಹೊರಟವನನ್ನು ಕಂಡಂತೆ ಅನುಮಾನ ಹುಟ್ಟುವುದು ಸಹಜ. ಆದಕಾರಣ ಈ ಕೆಲಸ ಎಂಥದು, ಅದರಿಂದ ನಿಜವಾಗಿ ಯಾವ ಕೂಸು ಉಳಿಯಿತು, ಅದಕ್ಕಾಗಿ ಹತ್ತಿರದ ಕೂಸನ್ನು ಬಿಟ್ಟು ಹೋಗುವುದು ನ್ಯಾಯವೇ ಎಂಬುದನ್ನು ಸಮಾಧಾನದಿಂದ ವಿಚಾರ ಮಾಡುವುದು ಯುಕ್ತ.

ಮೊದಲು ಹಿರಿಯರ ಮಾತಿನಲ್ಲಿರುವ ಸತ್ಯವನ್ನು ಒಪ್ಪಿಕೊಳ್ಳೋಣ. ಹತ್ತಿರದವರ ಋಣ ದೊಡ್ಡದು. ಬಾಗಿಲಲ್ಲಿ ನಿಂತ ಹಸಿದವನಿಗೆ, “ತಡಿ, ಇಡೀ ಲೋಕದ ಹಸಿವು ಹೇಗೆ ನೀಗಬೇಕೆಂದು ಯೋಚಿಸುತ್ತಿದ್ದೇನೆ” ಎಂದು ಹೇಳುವವನನ್ನು ಯಾರೂ ಧರ್ಮಿಷ್ಠನೆನ್ನುವುದಿಲ್ಲ. ಲೋಕವನ್ನೆಲ್ಲ ಪ್ರೀತಿಸುತ್ತೇನೆ ಎನ್ನುತ್ತ ಮಗ್ಗುಲ ಮನೆಯವರ ಕಷ್ಟಕ್ಕೆ ಕಣ್ಣು ಮುಚ್ಚಿಕೊಳ್ಳುವ ಜಾಣತನ ಎಲ್ಲ ಕಾಲದಲ್ಲೂ ಇತ್ತು, ಈಗಲೂ ಇದೆ. ದೂರದವರ ಮೇಲಿನ ಪ್ರೀತಿಗೆ ಖರ್ಚು ಕಡಿಮೆ. ಹತ್ತಿರದವರ ಮೇಲಿನ ಪ್ರೀತಿಗೆ ದಿನವೂ ಕೈಯಿಂದ ಕೊಡಬೇಕಾಗುತ್ತದೆ.

ಆದರೆ ಇನ್ನೊಂದು ಮಗ್ಗುಲೂ ಇದೆ. ಪೀಟರ್ ಸಿಂಗರ್ ಎಂಬ ಆಸ್ಟ್ರೇಲಿಯಾದ ತತ್ವಚಿಂತಕರು 1972ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿ ಅವರು ಕೊಟ್ಟ ದೃಷ್ಟಾಂತ ಇಂದಿಗೂ ಚರ್ಚೆಯಲ್ಲಿದೆ. ದಾರಿಯಲ್ಲಿ ಹೋಗುತ್ತಿರುವಾಗ ಹೊಂಡದಲ್ಲಿ ಒಂದು ಮಗು ಮುಳುಗುತ್ತಿರುವುದನ್ನು ಕಂಡರೆ, ಉಟ್ಟ ಬಟ್ಟೆ ಕೆಸರಾದೀತೆಂದು ನಾವು ಸುಮ್ಮನೆ ಹೋಗುವುದಿಲ್ಲ, ಇಳಿದು ಎತ್ತುತ್ತೇವೆ. ಹಾಗಿದ್ದಲ್ಲಿ ಸಾವಿರಾರು ಮೈಲು ದೂರದಲ್ಲಿ ಸಾಯುತ್ತಿರುವ, ನಮ್ಮ ಕೈಯಿಂದ ಉಳಿಸಬಹುದಾದ ಮಗುವಿನ ಮೇಲಿನ ಕರ್ತವ್ಯ ಮಾತ್ರ ಏಕೆ ಕಡಿಮೆಯಾಗಬೇಕು? ದೂರವೆಂಬುದು ದಾರಿಯ ಲೆಕ್ಕ, ನ್ಯಾಯದ ಲೆಕ್ಕವಲ್ಲ ಎಂಬುದು ಅವರ ವಾದ.

ಅವರು ಈ ಮಾತು ಬರೆದದ್ದು 1971ರ ಪೂರ್ವ ಬಂಗಾಲದ ನಿರಾಶ್ರಿತರ ಸಂಕಟವನ್ನು ಕಂಡು. ಅದೇ ವರ್ಷ, ಅದೇ ನಿರಾಶ್ರಿತರ ನಡುವೆ, ನಮ್ಮ ದೇಶದ ಒಬ್ಬ ಮಕ್ಕಳ ವೈದ್ಯರು ಈ ಪ್ರಶ್ನೆಗೆ ಕೈಯಿಂದಲೇ ಉತ್ತರ ಕೊಟ್ಟರು. ಅವರು ಡಾ. ದಿಲೀಪ ಮಹಲನಬಿಸ್. ಪಶ್ಚಿಮ ಬಂಗಾಲದ ಬನಗಾಂವ್ ನಮ್ಮ ಊರುಗಳಂತೆಯೇ ಒಂದು ಗಡಿಯ ಊರು. ಗಡಿ ದಾಟಿ ಬಂದ ಲಕ್ಷಾಂತರ ಜನರಲ್ಲಿ ಕಾಲರಾ ಹಬ್ಬಿ, ಅಲ್ಲಿಯ ದವಾಖಾನೆಯ ನೆಲದ ಮೇಲೆಲ್ಲ ರೋಗಿಗಳು ಮಲಗಿದ್ದರು. ಆಗಿನ ಪದ್ಧತಿಯ ಪ್ರಕಾರ ಸಲೈನ್ ಏರಿಸಬೇಕು. ಸಲೈನ್ ಸಾಲದು, ಅದನ್ನು ಏರಿಸಬಲ್ಲ ತರಬೇತಾದ ಕೈಗಳೂ ಸಾಲವು. ಅವರು ಉಪ್ಪು, ಗ್ಲುಕೋಸ್ ಮತ್ತು ಅಡುಗೆ ಸೋಡಾಗಳನ್ನು ಗೊತ್ತಾದ ಪ್ರಮಾಣದಲ್ಲಿ ಪೊಟ್ಟಣ ಕಟ್ಟಿಸಿ, ನೀರಿನ ಡ್ರಮ್ಮುಗಳಲ್ಲಿ ಕರಗಿಸಿ ಇಡಿಸಿದರು. ರೋಗಿಯ ತಾಯಿ, ಅಕ್ಕ, ಅಣ್ಣ, ಯಾರು ಹತ್ತಿರ ಇದ್ದರೋ ಅವರಿಗೆ ಲೋಟದಿಂದ ಕುಡಿಸುತ್ತಲೇ ಇರಲು ಕಲಿಸಿದರು. ಶಿಬಿರಗಳಲ್ಲಿ ಕಾಲರಾ ತಗಲಿದ ನೂರು ಜನರಲ್ಲಿ ಸುಮಾರು 30 ಜನ ಸಾಯುತ್ತಿದ್ದ ಹೊತ್ತಿನಲ್ಲಿ, ಅವರು ನೋಡಿಕೊಂಡ 3,700ಕ್ಕೂ ಹೆಚ್ಚು ರೋಗಿಗಳಲ್ಲಿ ಸಾವು ಶೇಕಡಾ 3.6ಕ್ಕೆ ಇಳಿಯಿತು. 1973ರಲ್ಲಿ ಈ ವಿವರ ಪ್ರಕಟವಾಯಿತು. ಇಂದು ನಮ್ಮ ಹಳ್ಳಿಗಳ ಆಶಾ ಕಾರ್ಯಕರ್ತೆಯರ ಚೀಲದಲ್ಲಿರುವ ಓಆರ್‌ಎಸ್ ಪೊಟ್ಟಣ ಲೋಕವ್ಯಾಪಿಯಾಗಲು ಈ ಅನುಭವ ದೊಡ್ಡ ಆಧಾರವಾಯಿತು. ಮಹಲನಬಿಸ್ ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಇಲ್ಲಿ ಗಮನಿಸತಕ್ಕದ್ದೊಂದಿದೆ. ಆ ವೈದ್ಯರು ತಮ್ಮ ಕೈಯಿಂದ ಸೂಜಿ ಚುಚ್ಚುತ್ತ ಕುಳಿತಿದ್ದರೆ ಅವರನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ, ಕೆಲವರನ್ನು ಉಳಿಸಿರುತ್ತಿದ್ದರು. ತಾಯಂದಿರ ಕೈಗೆ ಲೋಟ ಕೊಟ್ಟ ಗಳಿಗೆಯಲ್ಲಿ ಅವರು ವೈದ್ಯರಾಗಿ ಉಳಿದುಕೊಂಡೇ ಶಿಕ್ಷಕರೂ ಆದರು. ಹತ್ತಿರದ ಕೂಸನ್ನು ಬಿಟ್ಟು ಅವರು ಎಲ್ಲಿಗೂ ಹೋಗಲಿಲ್ಲ. ಆದರೆ ಆ ಕೂಸನ್ನು ಉಳಿಸಿದ ವಿದ್ಯೆ ಬನಗಾಂವಿನಲ್ಲೇ ನಿಲ್ಲಲಿಲ್ಲ.

ಈಗ ಮಕ್ಕಳ ತುರ್ತು ಚಿಕಿತ್ಸೆಯ ವಿಷಯಕ್ಕೆ ಬರೋಣ. ಮಗು ಎಂದರೆ ಸಣ್ಣ ಆಕಾರದ ದೊಡ್ಡ ಮನುಷ್ಯನಲ್ಲ. ದೊಡ್ಡವರ ದೇಹ ಕಾಯಿಲೆಯನ್ನು ಕೆಲಕಾಲ ತಾಳಿಕೊಳ್ಳುತ್ತದೆ. ಕೂಸು ಬೆಳಿಗ್ಗೆ ಆಡುತ್ತಿದ್ದದ್ದು ಸಂಜೆಗೆ ಕೈಬಿಡಬಹುದು. ಹೀಗಿರಲಾಗಿ ಮಗುವಿನ ವಿಷಯದಲ್ಲಿ ದೊಡ್ಡ ಔಷಧಿಗಿಂತ ಮೊದಲ ಕೆಲವು ನಿಮಿಷ ದೊಡ್ಡದು. ಆ ನಿಮಿಷಗಳಲ್ಲಿ ಕೂಸಿನ ಎದುರು ಇರುವವರು ಯಾರು? ತಜ್ಞ ವೈದ್ಯರಲ್ಲ. ಬಾಗಿಲಲ್ಲಿರುವ ಸಿಪಾಯಿ, ಚೀಟಿ ಬರೆಯುವ ಗುಮಾಸ್ತ, ಪಾಳಿಯ ನರ್ಸು, ಇಷ್ಟೇ ಜನ.

ಈ ಮಾತನ್ನು ಆಫ್ರಿಕಾದ ಮಲಾವಿ ದೇಶದ ಬ್ಲಾಂಟೈರ್ ನಗರದಲ್ಲಿ ದುಡಿದ ಡಾ. ಎಲಿಜಬೆತ್ ಮಾಲಿನೊ ಎಂಬ ಮಕ್ಕಳ ತುರ್ತು ಚಿಕಿತ್ಸೆಯ ವೈದ್ಯೆ ಕಾರ್ಯರೂಪಕ್ಕೆ ತಂದು ತೋರಿಸಿದರು. ಅಲ್ಲಿಯ ಕ್ವೀನ್ ಎಲಿಜಬೆತ್ ಸೆಂಟ್ರಲ್ ದವಾಖಾನೆಯಲ್ಲಿ ತಾಯಂದಿರ ದೊಡ್ಡ ಪಾಳಿ. ಮೊದಲು ಬಂದವರಿಗೆ ಮೊದಲು ಎಂಬ ನಿಯಮ ಅಂಗಡಿಗೆ ಸರಿ. ದವಾಖಾನೆಯಲ್ಲಿ ಅದೇ ನಿಯಮ ನಡೆದರೆ ನೆಗಡಿಯ ಕೂಸು ಮುಂದೆ ಇರುತ್ತದೆ, ಸಾಯುವ ಕೂಸು ಹಿಂದೆ ತಾಯಿಯ ತೊಡೆಯ ಮೇಲೆ ಸದ್ದಿಲ್ಲದೆ ಆರಿಹೋಗುತ್ತದೆ. ಅಲ್ಲಿ ಪಾಳಿಯನ್ನೇ ಬದಲಿಸಿದರು. ಬಂದ ಕೂಡಲೇ ಪ್ರತಿ ಮಗುವನ್ನು ನೋಡಿ, ಈಗಲೇ ಕೈ ಹಾಕಬೇಕಾದದ್ದು, ಬೇಗ ನೋಡಬೇಕಾದದ್ದು, ಕಾಯಬಹುದಾದದ್ದು ಎಂದು ಮೂರಾಗಿ ಬೇರ್ಪಡಿಸಲು ಸಿಬ್ಬಂದಿಗೆ ಕಲಿಸಿದರು. ತುರ್ತು ಚಿಕಿತ್ಸೆಯ ಜಾಗ ಮತ್ತು ಕ್ರಮಗಳನ್ನು ಹೊಸದಾಗಿ ಹೊಂದಿಸಿದರು. ಮೊದಲು ಒಳಗೆ ಸೇರಿಸಿಕೊಂಡ ನೂರು ಮಕ್ಕಳಲ್ಲಿ 10ರಿಂದ 18 ಮಕ್ಕಳು ಸಾಯುತ್ತಿದ್ದಲ್ಲಿ, ಅನಂತರ ಅದು 6ರಿಂದ 8ಕ್ಕೆ ಇಳಿಯಿತೆಂದು 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ವರದಿ ಮಾಡಿದರು. ಇದೇ ಕ್ರಮವನ್ನು ಕಲಿಸಲು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೊರತಂದ ಕೈಪಿಡಿಯಲ್ಲಿ, ಬಾಗಿಲ ಕಾಯುವವರಿಗೂ ಚೀಟಿ ಬರೆಯುವವರಿಗೂ ಅಪಾಯದ ಗುರುತುಗಳನ್ನು ಕಲಿಸಬೇಕೆಂದು ಹೇಳಿದೆ. ವಿದ್ಯೆ ತಜ್ಞರ ಕೋಣೆಯಿಂದ ಬಾಗಿಲ ತನಕ ಬಂದರೆ ಮಾತ್ರ ಬಾಗಿಲಿಗೆ ಬಂದ ಕೂಸು ಉಳಿಯುತ್ತದೆ ಎಂಬುದು ಇದರ ಅರ್ಥ.

ಮಲಾವಿ ಬಹು ದೂರವಾಯಿತು, ನಮಗೇನು ಎನ್ನಬೇಡಿರಿ. ಇಂಥದೇ ಕೆಲಸ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ ನಡೆದಿದೆ. ನಮ್ಮ ಓದುಗರಲ್ಲಿ ಅನೇಕರಿಗೆ ಅದರ ಸುದ್ದಿ ತಲುಪಿಲ್ಲ. ಕೆಎಲ್‌ಇ ಸಂಸ್ಥೆ 1916ರಲ್ಲಿ ಏಳು ಜನ ಶಿಕ್ಷಕರ ಸಂಕಲ್ಪದಿಂದ ಹುಟ್ಟಿದ್ದು ಎಂಬುದು ಎಲ್ಲರಿಗೂ ಗೊತ್ತು. ಆ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. ಅಲ್ಲಿಯ ವೈದ್ಯರು ತಾಯಿ ಮತ್ತು ಶಿಶುಗಳ ಆರೋಗ್ಯದ ಬಗ್ಗೆ ಹೊರದೇಶದ ವಿಶ್ವವಿದ್ಯಾಲಯಗಳ ಜೊತೆಗೂಡಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ.

2010ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ‘ಹೆಲ್ಪಿಂಗ್ ಬೇಬೀಸ್ ಬ್ರೀದ್’, ಅಂದರೆ ಕೂಸಿಗೆ ಉಸಿರಾಡಲು ನೆರವಾಗುವುದು, ಎಂಬ ಒಂದು ಪಾಠಕ್ರಮ ಹೊರತಂದಿತು. ಹುಟ್ಟಿದ ಹತ್ತು ಕೂಸುಗಳಲ್ಲಿ ಸುಮಾರು ಒಂದಕ್ಕೆ ಮೊದಲ ಉಸಿರು ಎಳೆಯಲು ಸ್ವಲ್ಪ ನೆರವು ಬೇಕಾಗುತ್ತದೆ. ಮೈ ಒರಸಿ ಬೆಚ್ಚಗಿಡುವುದು, ಬೆನ್ನು ತಿಕ್ಕುವುದು, ಬೇಕಾದಲ್ಲಿ ಬಾಯಿ ಮೂಗು ಶುಚಿ ಮಾಡುವುದು. ಇಷ್ಟಕ್ಕೂ ಅಳದಿದ್ದರೆ ಒಂದು ನಿಮಿಷದೊಳಗೆ ಮುಖಕ್ಕೆ ಮಾಸ್ಕ್ ಹಿಡಿದು ಅಂಬು ಬ್ಯಾಗಿನಿಂದ ಮೆಲ್ಲಗೆ ಗಾಳಿ ಕೊಡುವುದು. ಆ ಒಂದು ನಿಮಿಷವನ್ನು ಅವರು ಬಂಗಾರದ ನಿಮಿಷ ಎಂದೇ ಕರೆದರು. ಕಲಿಯಲು ನಿಜವಾದ ಕೂಸು ಬೇಡ. ನೀರು ತುಂಬಿದರೆ ಎಳೆಗೂಸಿನಷ್ಟೇ ತೂಗುವ ಒಂದು ಬೊಂಬೆ ಸಾಕು.

ಬೆಳಗಾವಿಯ ಡಾ. ಶಿವಪ್ರಸಾದ ಗೌಡರ ಮತ್ತು ಅವರ ಸಂಗಡಿಗರು ಈ ಪಾಠವನ್ನು ನಮ್ಮ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ, ಜಿಲ್ಲಾ ಮತ್ತು ಪಟ್ಟಣದ ದವಾಖಾನೆಗಳ 599 ಹೆರಿಗೆ ಸಿಬ್ಬಂದಿಗೆ ಮುಟ್ಟಿಸಿದರು. ಕಲಿತವರು ಮುಂದಿನವರಿಗೆ ಕಲಿಸುವುದು, ಅವರು ಮತ್ತೊಬ್ಬರಿಗೆ, ಹೀಗೆ ದೀಪದಿಂದ ದೀಪ ಹಚ್ಚಿದಂತೆ. ಕಲಿಸುವ ಮೊದಲು ನಡೆದ 4,187 ಹೆರಿಗೆಗಳನ್ನೂ ಅನಂತರದ 5,411 ಹೆರಿಗೆಗಳನ್ನೂ ತೂಗಿ ನೋಡಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಸತ್ತು ಹುಟ್ಟುವ ಕೂಸುಗಳು ಸಾವಿರಕ್ಕೆ 30 ಇದ್ದದ್ದು 23ಕ್ಕೆ ಇಳಿದಿತ್ತು. ಅದರಲ್ಲಿ, ಹೆರಿಗೆಯ ಹೊತ್ತಿಗೇ ಜೀವ ಹೋದವೆಂದು ಎಣಿಸುವ ಕೂಸುಗಳು ಸಾವಿರಕ್ಕೆ 17ರಿಂದ 9ಕ್ಕೆ ಇಳಿದಿದ್ದವು.

ಓದುಗರು ಈ ಕೊನೆಯ ಅಂಕಿಯ ಮೇಲೆ ಒಂದು ಗಳಿಗೆ ನಿಲ್ಲಬೇಕು. ತಾಯಿಯ ಹೊಟ್ಟೆಯಲ್ಲಿ ಮೊದಲೇ ಸತ್ತ ಕೂಸನ್ನು ಯಾವ ಅಂಬು ಬ್ಯಾಗೂ ಬದುಕಿಸಲಾರದು. ಹಾಗಾದರೆ ಕಡಿಮೆಯಾದ ಈ ಸಾವುಗಳು ಎಲ್ಲಿಯವು? ಉಸಿರಾಡದೆ, ಅಳದೆ, ನೀಲಿಗಟ್ಟಿ ಹುಟ್ಟಿದ ಕೂಸನ್ನು ಕಂಡು, “ಸತ್ತು ಹುಟ್ಟಿತು” ಎಂದು ಬಟ್ಟೆ ಸುತ್ತಿ ಬದಿಗಿಡುತ್ತಿದ್ದರು. ಅವುಗಳಲ್ಲಿ ಕೆಲವು ಸತ್ತಿರಲೇ ಇಲ್ಲ. ಒಂದು ನಿಮಿಷ ಗಾಳಿ ಕೊಡುವವರಿಗಾಗಿ ಕಾದಿದ್ದವು. ನಾವು ಲೆಕ್ಕಪತ್ರ ಓದಿದವರು. ಖಾತೆಯಲ್ಲಿ ಮುಳುಗಿದ ಬಾಕಿ ಎಂದು ಬರೆದುಬಿಟ್ಟ ಹಣ ವಸೂಲಾಗಬಹುದಿತ್ತೆಂದು ತಿಳಿದರೆ ವ್ಯಾಪಾರಿಗೆ ಎಷ್ಟು ಸಂಕಟವಾಗುತ್ತದೆ! ಇಲ್ಲಿ ಬರೆದುಹಾಕಿದ್ದು ಹಣವನ್ನಲ್ಲ. ನಮ್ಮ ಅಜ್ಜಿಯರ ಕಾಲದಿಂದ ಎಷ್ಟು ಮನೆಗಳಲ್ಲಿ ಎಷ್ಟು ತಾಯಂದಿರು, ನನ್ನ ಹಣೆಬರಹ ಎಂದು ಕಣ್ಣೊರಸಿಕೊಂಡರೋ ಲೆಕ್ಕವಿಟ್ಟವರಿಲ್ಲ. ಅದರಲ್ಲಿ ಒಂದು ಪಾಲು ಹಣೆಬರಹವಲ್ಲ, ಯಾರೂ ಕಲಿಸದೆ ಹೋದದ್ದು. ಕಲಿಸುವ ಕೆಲಸ ಕೈಯ ಕೆಲಸಕ್ಕಿಂತ ಕಡಿಮೆಯದು ಎನ್ನುವವರು ಈ ಕೂಸುಗಳನ್ನು ನೆನೆಯಬೇಕು.

ಹಾಗೆಂದು ಅಂಕಿಯ ಮೋಹಕ್ಕೆ ಬೀಳುವುದೂ ತರವಲ್ಲ. ಒಬ್ಬ ವೈದ್ಯೆ ವಾರ್ಡಿನಲ್ಲಿದ್ದರೆ ವರ್ಷಕ್ಕೆ ಇಷ್ಟು ಮಕ್ಕಳು, ಅದೇ ಐನೂರು ಜನರಿಗೆ ಕಲಿಸಿದರೆ ಅದರ ಐನೂರು ಪಟ್ಟು ಎಂದು ಗುಣಿಸಿ, ಲಾಭ ಕಂಡಿತೆಂದು ಖಾತೆ ಮುಚ್ಚುವವನು ಒಳ್ಳೆಯ ಲೆಕ್ಕಿಗನಲ್ಲ. ಬೆಳಗಾವಿಯ ಅದೇ ವರದಿಯಲ್ಲಿ ಇನ್ನೊಂದು ಅಂಕಿಯೂ ಇದೆ. ಜೀವಂತ ಹುಟ್ಟಿದ ಕೂಸುಗಳಲ್ಲಿ ಒಂದು ತಿಂಗಳೊಳಗೆ ಸಾಯುವವು ಸಾವಿರಕ್ಕೆ 18 ಇದ್ದದ್ದು 19 ಆಗಿ, ಹೆಚ್ಚುಕಡಿಮೆ ಅಲ್ಲಿಯೇ ಉಳಿದಿತ್ತು. ಉಸಿರು ಪಡೆದ ಕೂಸುಗಳು ಅನಂತರ ಕೈಬಿಡಲಿಲ್ಲವೆಂಬುದು ಸಮಾಧಾನದ ಸಂಗತಿ. ಆದರೆ ಆ ಸಾವುಗಳು ಇಳಿಯಲೂ ಇಲ್ಲ. ಮುಂದೆ 2016ರಲ್ಲಿ ಬೆಳಗಾವಿ, ನಾಗಪುರ ಮತ್ತು ಕೆನ್ಯಾ ದೇಶದ ಕೇಂದ್ರಗಳನ್ನು ಸೇರಿಸಿ ಇನ್ನೂ ವಿಸ್ತಾರವಾದ ಲೆಕ್ಕ ಪ್ರಕಟವಾಯಿತು. ತರಬೇತಿ ಪಡೆದ ದವಾಖಾನೆಗಳಲ್ಲದೆ ಆ ಸೀಮೆಯ ಎಲ್ಲ ಹೆರಿಗೆಗಳನ್ನೂ ಎಣಿಸಿದಾಗ, ಹೆರಿಗೆಯ ಆಸುಪಾಸಿನ ಶಿಶುಮರಣ ಒಟ್ಟಾರೆಯಾಗಿ ಇಳಿದದ್ದು ಕಾಣಲಿಲ್ಲ. ಇದನ್ನು ಮುಚ್ಚಿಡದೆ ಪ್ರಕಟಿಸಿದ್ದು ಆ ವೈದ್ಯರ ದೊಡ್ಡ ಗುಣ.

ಇದರ ಕಾರಣವನ್ನು ಅರಿಯಲು ತಾಂಜಾನಿಯಾ ದೇಶದ ಹೈಡಮ್ ಎಂಬ ಹಳ್ಳಿಯ ದವಾಖಾನೆಯ ಅನುಭವ ನೆರವಾಗುತ್ತದೆ. 2010ರಲ್ಲಿ ಅಲ್ಲಿ ಇದೇ ಪಾಠವನ್ನು ಒಂದು ದಿನ ಕಲಿಸಿದರು. ಬೊಂಬೆಯ ಮೇಲೆ ಎಲ್ಲರೂ ಚೆನ್ನಾಗಿ ಮಾಡಿ ತೋರಿಸಿದರು. ಆದರೆ ಹೆರಿಗೆ ಕೋಣೆಯೊಳಗಿನ ನಡವಳಿಕೆ ಬದಲಾಗಲಿಲ್ಲ. ಮುಂದಿನ ವರ್ಷದಿಂದ ಕ್ರಮ ಬದಲಿಸಿ, ಕೆಲಸದ ಜಾಗದಲ್ಲಿಯೇ ವಾರ ವಾರವೂ ಮೂರರಿಂದ ಐದು ನಿಮಿಷದ ಸಣ್ಣ ಅಭ್ಯಾಸ ಇಟ್ಟರು. ಆಗ ಹುಟ್ಟಿದ ಮೊದಲ ದಿನದೊಳಗಿನ ಸಾವು ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿಯಿತು. ಕೈಯ ವಿದ್ಯೆ ಬಳಸದಿದ್ದರೆ ತುಕ್ಕು ಹಿಡಿಯುತ್ತದೆ. ಬಿತ್ತಿದವನು ಕಳೆ ತೆಗೆಯಲು ಬರಲೇಬೇಕು, ನೀರು ಹಾಯಿಸಲೇಬೇಕು. ಬಿತ್ತಿ ಬಂದೆನೆಂದು ಫೋಟೋ ತೆಗೆಸಿಕೊಂಡು ಮುಂದಿನ ಊರಿಗೆ ಹೋಗುವವನ ಹೊಲದಲ್ಲಿ ಏನು ಬೆಳೆದೀತು ಎಂಬುದನ್ನು ನಮ್ಮ ರೈತ ಬಂಧುಗಳಿಗೆ ಹೇಳಬೇಕಾಗಿಲ್ಲ.

ಹಾಗಾದರೆ ಕಲಿಸುವುದಕ್ಕೆ ಗಡಿ ಬೇಕೇ? ಊರಿನವರಿಗೆ ಮಾತ್ರ ಕಲಿಸಿ, ಬೇರೆ ನಾಡಿನವರನ್ನು ಅವರವರ ಪಾಡಿಗೆ ಬಿಡುವುದು ಸರಿಯೇ? ಗಡಿಯ ಬಿಸಿ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಬೆಳಗಾವಿ, ಕಾರವಾರ ಕಡೆಯ ರೋಗಿಗಳು ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನ ದವಾಖಾನೆಗೆ ಹೋಗುವುದು ಹಳೆಯ ರೂಢಿ. 2018ರಲ್ಲಿ ಗೋವಾ ಸರಕಾರ ಅಲ್ಲಿ ಹೊರರಾಜ್ಯದವರಿಗೆ ಶುಲ್ಕ ಇರಿಸಿದಾಗ ನಮ್ಮವರಿಗೆ ನೋವಾಯಿತು. ಆದರೆ ನ್ಯಾಯವಾಗಿ ವಿಚಾರ ಮಾಡಿದರೆ ಅದರಲ್ಲಿ ಒಂದು ಲೆಕ್ಕವೂ ಇದೆ. ಹಾಸಿಗೆ ಎಂಬುದು ಎಣಿಕೆಯ ವಸ್ತು. ಒಬ್ಬರು ಮಲಗಿದರೆ ಇನ್ನೊಬ್ಬರಿಗಿಲ್ಲ. ಔಷಧಿಯೂ ಹಾಗೆಯೇ, ವೈದ್ಯರ ವೇಳೆಯೂ ಹಾಗೆಯೇ. ಹಂಚಿದರೆ ಕಡಿಮೆಯಾಗುವ ವಸ್ತುವಿಗೆ, ಯಾರಿಗೆ ಮೊದಲು ಎಂಬ ಮಾತು ಬಂದೇ ಬರುತ್ತದೆ. ವಿದ್ಯೆಯ ಸ್ವಭಾವ ಬೇರೆ. ಬ್ಲಾಂಟೈರಿನ ನರ್ಸು ಕಲಿತಳೆಂದು ಬೆಳಗಾವಿಯ ನರ್ಸಿನ ಕೈಯ ವಿದ್ಯೆ ಕಡಿಮೆಯಾಗುವುದಿಲ್ಲ. ಹಂಚಿದರೂ ಸವೆಯದ ವಸ್ತುವಿಗೆ ಗಡಿಕಲ್ಲು ನೆಡುವುದರಲ್ಲಿ ನ್ಯಾಯವಿಲ್ಲ. ಆದರೆ ವಿದ್ಯೆ ಸವೆಯದಿದ್ದರೂ ಅದನ್ನು ಕಲಿಸುವವರ ವೇಳೆ ಸವೆಯುತ್ತದೆ. ಹಿರಿಯರ ಪ್ರಶ್ನೆಯ ನಿಜವಾದ ತೊಡಕು ಇರುವುದು ಇಲ್ಲಿಯೇ. ದೂರದಲ್ಲಿ ಕಳೆದ ಪ್ರತಿ ತಿಂಗಳೂ ಹತ್ತಿರದಲ್ಲಿ ಇಲ್ಲದೆ ಹೋದ ತಿಂಗಳೇ.

ಇನ್ನೊಂದು ತೊಡಕೂ ಇದೆ. ಕಲಿಸುವವರು ಮೇಲೆ, ಕಲಿಯುವವರು ಕೆಳಗೆ ಎಂಬ ಭಾವ ಬಂದರೆ ಶಿಕ್ಷಣ ದಬ್ಬಾಳಿಕೆಯಾಗುತ್ತದೆ. ಗೋವೆಯಲ್ಲಿಯೇ ಇದರ ಇತಿಹಾಸವಿದೆ. 1842ರಲ್ಲಿ ಪೋರ್ತುಗೀಜರು ಪಣಜಿಯಲ್ಲಿ ವೈದ್ಯಕೀಯ ಶಾಲೆ ಸ್ಥಾಪಿಸಿದರು. ಅಲ್ಲಿ ಕಲಿತ ಗೋವೆಯ ವೈದ್ಯರು ಮೊಜಾಂಬಿಕ್ ಮೊದಲಾದ ಆಫ್ರಿಕಾದ ವಸಾಹತುಗಳಿಗೆ ಹೋಗಿ ದುಡಿದರು. ಆದರೆ ವಸಾಹತಿನ ಆಡಳಿತದಲ್ಲಿ ಅವರ ಸ್ಥಾನ ಪೋರ್ತುಗಾಲಿನಲ್ಲಿ ಓದಿದವರಿಗಿಂತ ಕೆಳಗಿನದಾಗಿತ್ತು. ವಿದ್ಯೆ ಗಡಿ ದಾಟಿತು, ಸಮಾನತೆ ದಾಟಲಿಲ್ಲ. ಗೋವೆಯ ವಿಮೋಚನೆಯ ಬಳಿಕ, 1963ರಲ್ಲಿ ಆ ಶಾಲೆಯ ಪರಂಪರೆಯ ಮೇಲೆ ಗೋವಾ ವೈದ್ಯಕೀಯ ಕಾಲೇಜು ಎದ್ದಿತು. ಘಟ್ಟದ ಮೇಲೆ ಬೆಳಗಾವಿಯ ಕಾಲೇಜು ಹುಟ್ಟಿದ್ದೂ ಅದೇ ವರ್ಷ. ಇಂದು ಕಲಿಸಲು ಹೋಗುವವರು ಹಳೆಯ ಕಾಲದ ಆ ಮೆಟ್ಟಿಲುಗಳನ್ನು ಮತ್ತೆ ಕಟ್ಟಬಾರದು. ಬನಗಾಂವಿನ ಬಡ ತಾಯಂದಿರ ಕೈಯ ಲೋಟದಿಂದ ಶ್ರೀಮಂತ ದೇಶಗಳ ವೈದ್ಯರೂ ಪಾಠ ಕಲಿತರು. ಹೈಡಮ್ ಹಳ್ಳಿಯಿಂದ ಅಮೆರಿಕದವರು ತಮ್ಮ ಪಾಠಕ್ರಮದ ಕೊರತೆ ತಿಳಿದರು. ಕಲಿಸಲು ಹೋದವರು ಕಲಿತು ಬರದಿದ್ದರೆ ಅರ್ಧ ಕೆಲಸ ಉಳಿದಂತೆಯೇ.

ಇಷ್ಟು ವಿಚಾರ ಮಾಡಿದ ಮೇಲೆ ಹಿರಿಯರಿಗೆ ನಮ್ಮ ಉತ್ತರವಿದು. ಆ ಮಗಳು ಹೋಗುವುದು ಅಧರ್ಮವಲ್ಲ. ಆದರೆ ಹೋಗುವ ಮುನ್ನ ಮೂರು ಮಾತುಗಳನ್ನು ತನಗೆ ತಾನೇ ಕೇಳಿಕೊಳ್ಳಲಿ.

ಮೊದಲನೆಯದು, ನಾನು ಬಿಟ್ಟುಹೋಗುವ ವಾರ್ಡಿನಲ್ಲಿ ನನ್ನ ಕೈಯ ಬದಲು ಎಷ್ಟು ಕೈಗಳನ್ನು ತಯಾರು ಮಾಡಿದ್ದೇನೆ? ಕಲಿಸುವ ಹಂಬಲ ನಿಜವಾದದ್ದಾದರೆ ಅದು ಮಗ್ಗುಲಲ್ಲಿ ನಿಂತ ನರ್ಸಿನಿಂದಲೇ ಆರಂಭವಾಗಬೇಕು. ತನ್ನ ಜಾಗವನ್ನು ಖಾಲಿ ಬಿಟ್ಟು ಹೋಗುವವರು ಹತ್ತಿರದ ಕೂಸಿಗೆ ಅನ್ಯಾಯ ಮಾಡುತ್ತಾರೆ. ತುಂಬಿ ಹೋಗುವವರು ಮಾಡುವುದಿಲ್ಲ.

ಎರಡನೆಯದು, ನನ್ನನ್ನು ಅಲ್ಲಿಯವರು ಕರೆದಿದ್ದಾರೆಯೇ, ಅವರ ಬೇಡಿಕೆ ಏನೆಂದು ಕೇಳಿದ್ದೇನೆಯೇ? ಕರೆಯದ ಮನೆಗೆ ಉಪದೇಶ ಹೊತ್ತು ಹೋಗುವುದು ಸೇವೆಯಲ್ಲ.

ಮೂರನೆಯದು, ಕಲಿಸಿದ ಮೇಲೆ ಎಣಿಸಲು ಮರಳಿ ಹೋಗುತ್ತೇನೆಯೇ? ಎಣಿಸಿದಾಗ ಕೂಸುಗಳು ಉಳಿದಿಲ್ಲವೆಂದು ಕಂಡರೆ, ಬೆಳಗಾವಿಯವರಂತೆ ಅದನ್ನು ಬಹಿರಂಗವಾಗಿ ಹೇಳುವ, ಹೈಡಮ್‌ನವರಂತೆ ಕ್ರಮ ಬದಲಿಸುವ ಧೈರ್ಯವಿದೆಯೇ?

ಈ ಮೂರಕ್ಕೂ ಹೌದೆಂಬ ಉತ್ತರ ಬಂದರೆ ಆಕೆ ಕೂಸನ್ನು ಬಿಟ್ಟು ಹೋದಂತಲ್ಲ. ಒಂದು ತೊಟ್ಟಿಲಿನ ಮಗ್ಗುಲಲ್ಲಿ ನಿಂತ ಕೈ ನೂರು ತೊಟ್ಟಿಲುಗಳ ಮಗ್ಗುಲಲ್ಲಿ ನಿಂತಂತೆ. ಬಾರದಿದ್ದರೆ ವಾರ್ಡಿನಲ್ಲಿಯೇ ಇರುವುದು ಮೇಲು.

ಧರ್ಮದ ಪ್ರಶ್ನೆ ವೈದ್ಯರಿಗೆ ಮಾತ್ರ ಎಂದು ತಿಳಿಯಬೇಡಿರಿ. ನಮ್ಮ ಪಾಲಿನದೂ ಇದೆ. ವ್ಯಾಪಾರದ ಗುಟ್ಟು, ಬೀಜದ ಗುಟ್ಟು, ಮದ್ದಿನ ಗುಟ್ಟು ಎಂದು ಮುಚ್ಚಿಟ್ಟು ಮುಚ್ಚಿಟ್ಟು ನಮ್ಮೊಳಗೆ ಎಷ್ಟೋ ಕೈವಿದ್ಯೆಗಳು ಹಿರಿಯರ ಜೊತೆಯೇ ಮಣ್ಣಾಗಿವೆ. ಅನ್ನವನ್ನು ಹಂಚುವುದರಲ್ಲಿ ನಮ್ಮ ಜನ ಯಾರಿಗೂ ಕಡಿಮೆಯಿಲ್ಲ. ಬಲ್ಲದ್ದನ್ನು ಹಂಚುವುದರಲ್ಲಿ ಆ ಉದಾರತೆ ಇನ್ನೂ ಬರಬೇಕು.

ಎಲ್ಲಕ್ಕಿಂತ ಸಣ್ಣದಾದ, ಆದರೆ ನಾಳೆಯೇ ಮಾಡಬಹುದಾದ ಒಂದು ಮಾತು ಹೇಳಿ ಮುಗಿಸುತ್ತೇವೆ. ನಮ್ಮ ಊರುಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ, “ಸಿಸ್ಟರು ಟ್ರೇನಿಂಗಿಗೆ ಹೋಗ್ಯಾರ” ಎಂಬ ಮಾತು ಕೇಳಿದರೆ ಸಿಡಿಮಿಡಿಗೊಳ್ಳುವುದು ರೂಢಿ. ನಮ್ಮ ಕೆಲಸ ಬಿಟ್ಟು ತಿರುಗುತ್ತಾರೆಂದು ಪಂಚಾಯತಿಯಲ್ಲಿ ದೂರು ಹೇಳುವವರೂ ಇದ್ದಾರೆ. ಇನ್ನು ಮುಂದೆ ಹಾಗೆ ಕೇಳಿದಾಗ ಸಿಟ್ಟಾಗುವ ಬದಲು, ಆಕೆ ಮರಳಿ ಬಂದ ಮೇಲೆ ಒಂದು ಪ್ರಶ್ನೆ ಕೇಳಿರಿ: “ಏನು ಕಲಿತು ಬಂದ್ರಿ ಅಕ್ಕಾರ? ಅಂಬು ಬ್ಯಾಗ್ ನಮ್ಮ ಕೇಂದ್ರದಾಗ ಐತೇನ್ರಿ? ಕಡೀಕ ಯಾವಾಗ ಕೈಯಾಡಿಸಿ ನೋಡಿದ್ರಿ?” ಕೇಂದ್ರದಲ್ಲಿ ಇಲ್ಲದಿದ್ದರೆ ಕೊಡಿಸುವುದು ನಮ್ಮ ವ್ಯಾಪಾರಸ್ಥ ಬಂಧುಗಳಿಗೆ ದೊಡ್ಡ ಖರ್ಚಲ್ಲ. ಇದ್ದರೆ ಅದನ್ನು ಕಪಾಟಿನಲ್ಲಿ ಬೀಗ ಹಾಕಿಡದೆ ಹೆರಿಗೆಯ ಮೇಜಿನ ಮಗ್ಗುಲಲ್ಲಿ ಇಡುವಂತೆ ನೋಡಿಕೊಳ್ಳಿರಿ. ಯಾರ ಮನೆಯ ಕೂಸು ಯಾವ ರಾತ್ರಿ ಹುಟ್ಟುತ್ತದೋ, ಹುಟ್ಟಿದ್ದು ಅಳುತ್ತದೋ ಇಲ್ಲವೋ, ಬಲ್ಲವರಿಲ್ಲ. ಆ ನಿಮಿಷದಲ್ಲಿ ಕಲಿತ ಒಂದು ಕೈ ಅಲ್ಲಿರಬೇಕು.